ನಮ್ಮ ಹಿತ್ತಲಿನ ಮೂರನೆಯ ಬಾಹು

ಮೊದಲೇ ಹೇಳಿಬಿಡುತ್ತೇನೆ, ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವವಳಲ್ಲ. ಕೆಲವರಿಗೆ ಹುಟ್ಟಿನಿಂದ ಒಳ್ಳೆಯ ಕಂಠ ಬಂದಿರುತ್ತದೆ, ಕೆಲವರಿಗೆ ಕೈರುಚಿ. ನನಗೆ ಬಂದಿರುವುದು ತಾತ್ಸಾರ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮೇಲೆ ಅದು ಉಪ್ಪಿನಕಾಯಿಯ ಹಾಗೆ ಚೆನ್ನಾಗಿ ಕಳಿತಿದೆ. ದಿನಾ ಬೆಳಿಗ್ಗೆ ರಾಯಚೂರಿನಲ್ಲಿ ಬಸ್ಸು ಹತ್ತಿ ಮಾನ್ವಿಗೆ ಹೋಗುತ್ತೇನೆ. ಅಲ್ಲಿಯ ಪಿಯು ಕಾಲೇಜಿನ ಬೋರ್ಡಿನ ಮೇಲೆ ಒಂದು ಬೀಜೋಕ್ತಿ ಬರೆಯುತ್ತೇನೆ: ಮೇಲೆ ಎಕ್ಸ್ ಪ್ಲಸ್ ಐದು, ಕೆಳಗೆ ಎಕ್ಸ್. "ಸುಲಭ ರೂಪಕ್ಕೆ ತನ್ನಿ" ಅನ್ನುತ್ತೇನೆ. ಅರ್ಧ ತರಗತಿ ಮೇಲಿನ ಎಕ್ಸ್‌ಗೊಂದು ಗೀಟು, ಕೆಳಗಿನ ಎಕ್ಸ್‌ಗೊಂದು ಗೀಟು ಎಳೆದು "ಐದು ರೀ ಮೇಡಂ" ಎಂದು ಎದೆ ಉಬ್ಬಿಸಿ ಕೂಡುತ್ತದೆ. ಮೇಲಿನ ಎಕ್ಸ್ ಐದರ ಜೊತೆ ಕೂಡಿಕೊಂಡು ಸಂಸಾರ ಮಾಡುತ್ತಿದೆ, ಅದೊಂದನ್ನೇ ಎಳೆದು ಹೊಡೆಯಲು ಬರುವುದಿಲ್ಲ ಎಂದರೆ, "ಎರಡೂ ಕಡಿ ಎಕ್ಸ್ ಅದಾವಲ್ರೀ?" ಎಂದು ನನಗೇ ಕೇಳುತ್ತಾರೆ. "ನಿಮ್ಮ ಮನ್ಯಾಗೂ ಒಬ್ಬ ಬಸವರಾಜ, ಪಕ್ಕದ ಮನ್ಯಾಗೂ ಒಬ್ಬ ಬಸವರಾಜ ಅಂತ ಇಬ್ಬರನ್ನೂ ಹೊಡೆದು ಹಾಕ್ತೀ ಏನು?" ಎಂದು ಒಮ್ಮೆ ಕೇಳಿದೆ. ಆ ತರಗತಿಯಲ್ಲಿ ನಿಜಕ್ಕೂ ಇಬ್ಬರು ಬಸವರಾಜರಿದ್ದರು. ಇಬ್ಬರೂ ಆ ವಾರ ನನ್ನ ಕ್ಲಾಸಿಗೆ ಬರಲಿಲ್ಲ.

ಮಕ್ಕಳನ್ನು ಅಂದು ಏನು ಪ್ರಯೋಜನ, ನನ್ನ ಗಂಡನೇ ಹೀಗೆ. ದೇವದುರ್ಗದ ಒಂದು ಸರ್ಕಾರಿ ಆಫೀಸಿನಲ್ಲಿ ಅವರಿಗೆ ಕೆಲಸ. ಅವರೂ ದಿನಾ ಬಸ್ಸಿನಲ್ಲೇ ಹೋಗಿ ಬರುತ್ತಾರೆ. ಮನೆಯಲ್ಲಿ ಎದುರುಬದುರು ಎರಡು ಮಾತು ಎದ್ದವೋ, ಎರಡಕ್ಕೂ ಗೀಟು ಹೊಡೆದು ಚಹಾ ಕುಡಿಯಲು ಹೊರಗೆ ಹೋಗಿಬಿಡುತ್ತಾರೆ. ಅವರ ತಾಯಿ ಒಂದು ಕಡೆ, ನಾನು ಒಂದು ಕಡೆ ನಿಂತ ದಿನ ನಮ್ಮಿಬ್ಬರನ್ನೂ ಹೊಡೆದು ಹಾಕಿದರೆ ಏನೂ ಉಳಿಯುವುದಿಲ್ಲ ಎಂಬ ಶಾಂತಿ ಅವರ ಮುಖದ ಮೇಲೆ ಕಾಣುತ್ತದೆ. ಇಂಥ ಮನುಷ್ಯನನ್ನು ಸುಲಭ ರೂಪಕ್ಕೆ ತರುವ ಪ್ರಯತ್ನವನ್ನು ನಾನು ಮದುವೆಯಾದ ಎರಡನೆಯ ವರ್ಷವೇ ಬಿಟ್ಟೆ.

ಅವರ ತಾಯಿ, ಅಂದರೆ ನಮ್ಮ ಅತ್ತೆ, ದೇವದುರ್ಗದಲ್ಲಿ ದೊಡ್ಡ ಮಗನ ಹತ್ತಿರ ಇದ್ದವರು. ಸಿರವಾರಕ್ಕೆ ಕೊಟ್ಟಿರುವ ನಮ್ಮ ಮಗಳಿಗೆ ಏಳು ತಿಂಗಳು ತುಂಬಿತು ಎಂದು ಗೊತ್ತಾದ ಕೂಡಲೇ ಒಂದು ತಗಡಿನ ಟ್ರಂಕು, ಎರಡು ಗಂಟು ಹಳೆ ಸೀರೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಮರಿಮಗುವಿಗೆ ಕೌದಿ ಹೊಲಿಯಬೇಕಂತೆ. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ, ಒತ್ತೊತ್ತಾಗಿ ದಾರ ಹಾಕಿ ಹೊಲಿಯುವ ಈ ಹೊದಿಕೆ ಅವರ ಕೈಯಲ್ಲಿ ಚಂದ ಬರುತ್ತದೆ ಎಂದು ನೆಂಟರೆಲ್ಲ ಹೊಗಳುತ್ತಾರೆ. ನಾನು ಹೊಗಳಿರಲಿಲ್ಲ. ಮನೆಯೊಳಗೆ ಬೆಳಕು ಸಾಲದು ಎಂದು ಅವರು ಹಿತ್ತಲಲ್ಲಿ ಹೊರಸು ಹಾಕಿಸಿಕೊಂಡು ಆ ಹಗ್ಗದ ಮಂಚದ ಮೇಲೆ ಹೊಲಿಯಲು ಕೂತರು. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲು ಎಂಥದು ಎಂದು ಬೇರೆ ಊರಿನವರಿಗೆ ಹೇಳಿ ನಂಬಿಸುವ ಹುಮ್ಮಸ್ಸು ನನಗಿಲ್ಲ. ಮೂರನೆಯ ದಿನ ಅತ್ತೆಗೆ ತಲೆ ಸುತ್ತಿತು. ಡಾಕ್ಟರು ಬಿಸಿಲಿಗೆ ಕೂಡಬೇಡಿ ಎಂದರು. ಒಳಗೆ ಕೂಲರ್ ಮುಂದೆ ಕೂತುಕೊಳ್ಳಿ ಎಂದರೆ, "ಆ ಹಸಿ ಗಾಳಿಗೆ ನನ್ನ ಮೈಯೆಲ್ಲಾ ಹಿಡಕೊಂತದ. ಹಿತ್ತಲದಾಗ ನೆರಳು ಮಾಡ್ರಿ, ಇಲ್ಲಂದ್ರ ದೇವದುರ್ಗಕ್ಕ ಬಸ್ ಹತ್ತಿಸ್ರಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅವರು ಹಾಗೆ ಬಸ್ಸು ಹತ್ತಿ ಹೋದರೆ ನಮ್ಮ ಬಳಗ ಏನು ಅನ್ನುತ್ತದೆ ಎಂದು ನನಗೆ ಗೊತ್ತು. ಓದಿದ ಸೊಸೆ ಅತ್ತೆಯನ್ನು ಬಿಸಿಲಿಗೆ ಹಾಕಿ ಓಡಿಸಿದಳು ಎಂಬ ಸುದ್ದಿ ಅವರಿಗಿಂತ ಮೊದಲು ದೇವದುರ್ಗ ಮುಟ್ಟುತ್ತಿತ್ತು.

ನೆರಳು ಮಾಡುವುದೇನೂ ದೊಡ್ಡ ಮಾತಲ್ಲ, ಒಂದು ತಾಡಪತ್ರಿ ಕಟ್ಟಿದರೆ ಆಯಿತು. ಆದರೆ ನಮ್ಮ ಹಿತ್ತಲು ಚೌಕವೂ ಅಲ್ಲ, ಉದ್ದನೆಯದೂ ಅಲ್ಲ. ಪ್ಲಾಟು ಹಂಚಿದವರು ಕೊನೆಗೆ ಮಿಕ್ಕ ಮೂಲೆಯನ್ನು ನಮ್ಮ ತಲೆಗೆ ಕಟ್ಟಿದ್ದರಿಂದ ಅದು ತ್ರಿಕೋನ. ಒಂದು ಕಡೆ ನಮ್ಮ ಮನೆಯ ಗೋಡೆ, ಉಳಿದ ಎರಡು ಕಡೆ ಕಾಂಪೌಂಡು. ಮೂರು ಮೂಲೆಗೂ ಕಬ್ಬಿಣದ ಕೊಂಡಿಗಳಿವೆ. ಗಂಡ ಬಂದು ನೋಡಿ, "ಒಂದು ದೊಡ್ಡ ಚೌಕದ ತಾಡಪತ್ರಿ ತಂದು ಹೊಚ್ಚಿದ್ರ ಆತಲ್ಲ, ಹೆಚ್ಚಾದದ್ದು ಜೋತಾಡ್ತದ" ಎಂದರು. ಜೋತಾಡುವುದು! ಗಣಿತದ ಉಪನ್ಯಾಸಕಿಯ ಮನೆಯಲ್ಲಿ ತಾಡಪತ್ರಿ ಜೋತಾಡುವುದು! ಇಂಚಿಗೆ ಇಂಚು ಕೂಡುವ ತ್ರಿಕೋನವನ್ನೇ ಹೊಲಿಸುತ್ತೇನೆ ಎಂದು ಅವತ್ತೇ ಸಾರಿಬಿಟ್ಟೆ. ಲಂಬಕೋನ ಇಲ್ಲದ ತ್ರಿಕೋನ ಎಂದರೆ ಊರೆಲ್ಲ ಹೆದರುತ್ತದೆ. ನನಗೆ ಅದು ದಿನದ ಅನ್ನ.

ಕೋನ ಅಳೆಯಲು ಕಾಲೇಜಿನಿಂದ ಬೋರ್ಡಿನ ಮೇಲೆ ಇಡುವ ದೊಡ್ಡ ಮರದ ಕೋನಮಾಪಕವನ್ನು ಮನೆಗೆ ತಂದೆ. ಮಾನ್ವಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಗ ಕಂಡಕ್ಟರ್ ಬಂದು ತಿರುಗಿಸಿ ಮುರುಗಿಸಿ ನೋಡಿದ. "ಹೆಣ್ಮಕ್ಕಳಿಗೆ ಫ್ರೀ ಅದ ಮೇಡಂ. ಇದು ಅರ್ಧ ಚಂದ್ರ, ಇದಕ್ಕ ಅರ್ಧ ಟಿಕೆಟ್ ಹರೀಲೇನು?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಜ್ಞಾನ ಹೊತ್ತುಕೊಂಡು ಹೋಗುವವರಿಗೆ ಇಂಥವರ ಕಾಟ ಹಿಂದಿನಿಂದಲೂ ಇದ್ದದ್ದೇ.

ಮರುದಿನ ಭಾನುವಾರ ಅಳತೆಗೆ ನಿಂತೆ. ಮನೆಯ ಗೋಡೆಗುಂಟ ಟೇಪು ಹಿಡಿದೆ, ಹದಿನೆಂಟು ಅಡಿ. ಬಚ್ಚಲಿನ ಕಡೆಯಿಂದ ಹೋಗುವ ಕಾಂಪೌಂಡು ಹನ್ನೆರಡು ಅಡಿ. ಉಳಿದದ್ದು ಅಡುಗೆಮನೆ ಮೂಲೆಯಿಂದ ಹೊರಡುವ ಮೂರನೆಯ ಗೋಡೆ. ಅದಕ್ಕೆ ಒತ್ತಿಕೊಂಡು ಅತ್ತೆಯ ಹೊರಸು, ಹೊರಸಿನ ಆಚೆ ಟ್ರಂಕು, ಟ್ರಂಕಿನ ಮೇಲೆ ಗಂಟು, ದೂರದ ಮೂಲೆ ಕಾಣದ ಹಾಗೆ ಇನ್ನೊಂದು ಗಂಟು. ಹೊರಸಿನ ಮೇಲೆ ಸಾಕ್ಷಾತ್ ಅತ್ತೆ. "ಒಂಚೂರು ಏಳ್ರಿ" ಎಂದರೆ ಎದ್ದು ಸರಿಯುತ್ತಿದ್ದರು. ಆದರೆ ನಾನು ಅನ್ನುವ ಹಾಗಿರಲಿಲ್ಲ. ಹಿಂದಿನ ದಿನವೇ ನಮ್ಮಿಬ್ಬರಿಗೆ ಮಾತು ನಿಂತಿತ್ತು. ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಇಣುಕಿ ಮಾತಾಡಿಸಿದಾಗ ಅತ್ತೆ, "ನಮ್ಮ ಸೊಸಿ ಲೆಕ್ಕದಾಗ ಬಾಳ ಶಾಣ್ಯಾಕಿ ಅದಾಳವಾ. ಬೋರ್ಡಿನ ಮ್ಯಾಲ ಕೈಲೇ ಚಕ್ರ ಬರೀತಾಳಂತ. ರೊಟ್ಟಿ ಮಾತ್ರ ಇವತ್ತಿಗೂ ಒಂದು ದುಂಡಗ ಬಂದಿಲ್ಲ" ಎಂದಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲೇ ನಿಂತಿದ್ದೆ. ಕೇಳಲಿ ಎಂದೇ ಹೇಳಿದ್ದು ಅದು. ಅಂದಿನಿಂದ ನಮ್ಮ ಮಾತುಕತೆಯೆಲ್ಲ ಗಂಡನ ಮುಖಾಂತರ: "ನಿಮ್ಮ ಅವ್ವಗ ಊಟಕ್ಕ ಕರೀರಿ," "ನಿನ್ನ ಹೇಣ್ತಿಗೆ ಹಸಿವಿಲ್ಲ ಅಂತ ಹೇಳಪಾ."

ಆ ಗೋಡೆ ಅಳೆಯುವ ಅಗತ್ಯವಾದರೂ ಏನು? ಟೇಪು ಹಿಡಿದು ಮೂರೂ ಕಡೆ ಅಳೆಯುವುದು ಯಾವ ದಡ್ಡನಿಗೂ ಬರುತ್ತದೆ. ಅಡುಗೆಮನೆ ಮೂಲೆಯಲ್ಲಿ ಕೋನಮಾಪಕ ಇಟ್ಟೆ, ನಲವತ್ತೊಂದು ಡಿಗ್ರಿ. ಎರಡು ಬಾಹು, ಒಂದು ಕೋನ. ಸೈನ್ ನಿಯಮಕ್ಕೆ ಇಷ್ಟು ಸಾಕು. ಅತ್ತೆಯ ಎದುರಿಗೇ ಮೆಟ್ಟಿಲ ಮೇಲೆ ಕೂತು, ಮೊಬೈಲಿನಲ್ಲಿ ಲೆಕ್ಕ ಹಾಕಿ, ಮೂರನೆಯ ಬಾಹು ಹದಿನೈದು ಅಡಿ ಎಂಟು ಇಂಚು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ನನ್ನನ್ನೂ ಕೋನಮಾಪಕವನ್ನೂ ಒಂದು ಸಲ ನೋಡಿ, ಯಾರಿಗೂ ಅಲ್ಲ ಎನ್ನುವ ಹಾಗೆ, "ಅರ್ಧ ರೊಟ್ಟಿಯಂಗ ಅದ" ಎಂದರು.

ತಾಡಪತ್ರಿ ಹೊಲಿಯುವ ಖಾಜಾಸಾಬರ ಅಂಗಡಿಗೆ ಹೋದೆ. ಲಾರಿಗಳಿಗೆ ಹೊಲಿದು ಹೊಲಿದು ಅವರ ಬೆರಳುಗಳು ಹಗ್ಗದ ಹಾಗಾಗಿವೆ. ನನ್ನ ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು ನೋಡಿ, "ಮೂರೂ ಕಡಿ ಹಗ್ಗ ಹಿಡಿದು ಅಳದೀರೇನ್ರೀ ಮೇಡಂ?" ಎಂದರು.

"ಎರಡು ಕಡೆ ಅಳೆದೀನಿ. ಮೂರನೇದು ಲೆಕ್ಕದಿಂದ ಬಂದದ್ದು," ಎಂದೆ.

"ನಕ್ಕೋ ಮೇಡಂ, ಕಾಗದದ ಲೆಕ್ಕ ಬ್ಯಾಡ. ನಾನೇ ಹಗ್ಗ ತಗೊಂಡು ಬರ್ತೀನಿ, ಎರಡು ಮಿನಿಟಿನ ಕೆಲಸ."

"ಬ್ಯಾಡ್ರಿ. ಇದು ಸೈನ್ ನಿಯಮದಿಂದ ಬಂದ ಉತ್ತರ. ಇದರಾಗ ತಪ್ಪಾಗಂಗಿಲ್ಲ."

"ಸೈನ್ ಆಗ್ಯದ? ಎಲ್ಲಿ ರೀ, ಇದರ ಮ್ಯಾಲ ಯಾರದೂ ಸೈನೇ ಇಲ್ಲ?" ಎಂದು ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು. ಇಂಥವರಿಗೆ ತ್ರಿಕೋನಮಿತಿ ವಿವರಿಸುವುದು ನನ್ನ ಘನತೆಗೆ ಸರಿಯಲ್ಲ ಎಂದು ನಾನು ಮುಗುಳ್ನಕ್ಕೆ. ಅವರು ಮಾತ್ರ ಕಿವಿಯ ಮೇಲಿನ ಪೆನ್ನು ತೆಗೆದು ಕೊಟ್ಟು, "ಹಂಗಾದ್ರ ಕೆಳಗ ನೀವೇ ಒಂದು ಸೈನ್ ಮಾಡ್ರಿ. ನಾಳಿ ನನ್ನ ಮ್ಯಾಲ ಬರಬಾರದು" ಎಂದರು. ನಾನು ಹೆಸರು, ಅದರ ಮುಂದೆ ಎಂ.ಎಸ್ಸಿ., ಬಿ.ಎಡ್. ಎಲ್ಲ ಬರೆದು ಸಹಿ ಹಾಕಿದೆ.

ಮುಂದಿನ ಭಾನುವಾರ ಗಂಡ ಏಣಿ ಹತ್ತಿದರು. ಮನೆಯ ಗೋಡೆಯ ಕಡೆ ತಾಡಪತ್ರಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂಡಿತು. ನಾನು ಅತ್ತೆಯ ಕಡೆ ನೋಡಿದೆ. ಬಚ್ಚಲ ಕಡೆಯ ಗೋಡೆಗೂ ಕೂಡಿತು. ಮತ್ತೊಮ್ಮೆ ನೋಡಿದೆ. ದೂರದ ಮೂಲೆಯ ಕೊಂಡಿಗೆ ಹಗ್ಗ ಕಟ್ಟಿ ಗಂಡ ಕೈ ಬಿಟ್ಟರು ನೋಡಿ, ಮೂರನೆಯ ಗೋಡೆಯ ಕಡೆ ನಾಲ್ಕು ಅಡಿಗೂ ಮಿಕ್ಕಿದ ತಾಡಪತ್ರಿ ತುಂಬು ಬಸುರಿಯ ಹೊಟ್ಟೆಯ ಹಾಗೆ ಕೆಳಗಿಳಿದು ಅತ್ತೆಯ ತಲೆಯ ಮೇಲೆ ಕೂತಿತು. ಅತ್ತೆ ಕೌದಿ, ಸೂಜಿ, ಕನ್ನಡಕದ ಸಮೇತ ಕಾಣೆಯಾದರು. ಒಳಗಿನಿಂದ ಧ್ವನಿ ಮಾತ್ರ ಬಂತು: "ಏ ಯಪ್ಪಾ, ಕತ್ತಲಾತಲ್ಲ! ನೆರಳು ಕೇಳಿದ್ರ ಹೂಳಾಕ ತಂದೀರೇನು?" ಗಂಡ ಏಣಿಯ ಮೇಲಿಂದ, "ನಾ ಹೇಳಿದ್ನಲ್ಲ, ಚೌಕಂದು ತಂದಿದ್ರೂ ಇಷ್ಟೇ ಜೋತಾಡ್ತಿತ್ತು" ಎಂದರು. ಆಮೇಲೆ ಏಣಿ ಇಳಿದು ಚಹಾ ಕುಡಿಯಲು ಹೋದರು.

ತಾಡಪತ್ರಿ ಬಿಚ್ಚಿ ಮಡಚಿ, ಆಟೋದಲ್ಲಿ ಹಾಕಿಕೊಂಡು ಖಾಜಾಸಾಬರ ಮೇಲೆ ಹೋದೆ. ದಾರಿಯುದ್ದಕ್ಕೂ ಅವರಿಗೆ ಆಡಬೇಕಾದ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಅಳತೆ ಕೊಟ್ಟರೂ ಹೊಲಿಯಲು ಬರದವರು, ಕಣ್ಣಳತೆಯಲ್ಲಿ ಕತ್ತರಿ ಆಡಿಸುವವರು, ಓದಿದವರ ಮಾತಿಗೆ ಬೆಲೆ ಕೊಡದವರು ಎಂದೆಲ್ಲ. ಎಲ್ಲವನ್ನೂ ಅಂಗಡಿಯ ಮುಂದೆ ನಿಂತು ಒಂದೇ ಉಸಿರಿಗೆ ಅಂದೆ. ಅವರು ತಾಡಪತ್ರಿಯನ್ನು ನೆಲದ ಮೇಲೆ ಹಾಸಿ ನನ್ನ ಕೈಗೇ ಟೇಪು ಕೊಟ್ಟರು. ಹದಿನೆಂಟು. ಹನ್ನೆರಡು. ಹದಿನೈದು ಅಡಿ ಎಂಟು ಇಂಚು. ಡ್ರಾಯರಿನಿಂದ ನನ್ನ ಚೀಟಿ ತೆಗೆದು ಪಕ್ಕದಲ್ಲಿಟ್ಟರು. ಸಹಿ ಎಷ್ಟು ಚಂದ ಇತ್ತು!

"ಮೇಡಂ, ಸಿಟ್ಟಾಗಬ್ಯಾಡ್ರಿ," ಎಂದರು. "ಆ ದೂರದ ಮೂಲಿ ಹೆಂಗದ, ಒಂದು ಸಲ ಕೈ ಮಾಡಿ ತೋರಿಸ್ರಿ."

ಎರಡೂ ಕೈ ಮುಂದೆ ಚಾಚಿ ಗೋಡೆಗಳು ಕೂಡುವ ಹಾಗೆ ತೋರಿಸಿದೆ. ಹಿಂದಿನ ದಿನ ಕಸ ಗುಡಿಸಲು ಗಂಟು ಸರಿಸಿದಾಗ ಆ ಮೂಲೆಯನ್ನು ಕಂಡಿದ್ದೆನಾದ್ದರಿಂದ ಕೈಗೆ ನೆನಪಿತ್ತು. ಖಾಜಾಸಾಬರು ತಾಡಪತ್ರಿಯ ಆ ಮೂಲೆಯನ್ನು ಎತ್ತಿ ನನ್ನ ಕೈಗಳ ಕೆಳಗೆ ಹಿಡಿದರು. "ನಿಮ್ಮ ಕೈ ಇಷ್ಟು ಅಗಲ ಅದಾವ. ಅರಿವಿ ನೋಡ್ರಿ, ಇಷ್ಟೇ ಅದ."

ನನ್ನ ಕೈಗಳು ಚಾಚಿದಲ್ಲೇ ನಿಂತವು. ಲಂಬಕೋನಕ್ಕಿಂತ ಚೂರು ಅಗಲ, ನೂರು ಡಿಗ್ರಿ. ತಾಡಪತ್ರಿಯದು ಎಂಬತ್ತು. ಎಂಬತ್ತರ ಸೈನ್ ಬೆಲೆಯೂ ಅದೇ, ನೂರರದೂ ಅದೇ. ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ ಕೊಟ್ಟರೆ ಎರಡು ತ್ರಿಕೋನಗಳು ಬರಬಹುದು, ಯಾವುದು ನಿಮ್ಮದು ಎಂದು ಲೆಕ್ಕ ಹೇಳುವುದಿಲ್ಲ, ಕಣ್ಣು ಬಿಟ್ಟು ನೋಡಬೇಕು. ಇದನ್ನು ಇಪ್ಪತ್ತೆರಡು ವರ್ಷದಿಂದ ನಾನೇ ಹೇಳಿಕೊಂಡು ಬಂದಿದ್ದೇನೆ. ಒಂದೇ ಉತ್ತರ ಬರೆದ ಮಕ್ಕಳಿಗೆ "ಇನ್ನೊಂದನ್ನು ನಿಮ್ಮಪ್ಪ ಬಂದು ಬರೀತಾರೇನು?" ಎಂದು ಕೇಳಿದ್ದೇನೆ. ಮೊಬೈಲು ಎಂಬತ್ತು ಎಂದಿತು, ನಾನು ಎರಡು ಗೆರೆ ಎಳೆದೆ. ನೂರು ಡಿಗ್ರಿಯ ಮೂಲೆ ಇಡೀ ಹೊತ್ತು ಗಂಟಿನ ಹಿಂದೆ ಕೂತಿತ್ತು.

"ತಪ್ಪು ನಂದೇ ರೀ," ಎಂದೆ. ಈ ವಾಕ್ಯ ನನ್ನ ಬಾಯಿಯಿಂದ ಹೊರಬಿದ್ದದ್ದಕ್ಕೆ ಖಾಜಾಸಾಬರು ಒಬ್ಬರೇ ಸಾಕ್ಷಿ. ಅವರು ನಗಲಿಲ್ಲ. "ಮನೀಗೆ ಒಯ್ದು ಆ ಗೋಡಿ ಅಳತಿಗೇ ಗುರುತು ಮಾಡ್ರಿ. ನಿಮ್ಮನ್ಯಾಗ ಹೊಲಿಯೋರು ಯಾರರೆ ಅದಾರೇನು?" ಎಂದರು. ಇದ್ದಾರೆ ಎಂದೆ. ತಾಡಪತ್ರಿ ಮತ್ತೆ ಮಡಚಿಕೊಂಡೆ.

ಮನೆಗೆ ಬಂದಾಗ ಗಂಡ ಇನ್ನೂ ಚಹಾ ಕುಡಿಯುತ್ತಿದ್ದರೆಂದು ಕಾಣುತ್ತದೆ, ಮನೆಯಲ್ಲಿರಲಿಲ್ಲ. ಅತ್ತೆ ಸೆರಗು ತಲೆಗೆ ಹಾಕಿಕೊಂಡು ಅದೇ ಬಿಸಿಲಿನಲ್ಲಿ ಕೂತಿದ್ದರು. ಮುಖ ಕೆಂಪಗೆ ಉರಿಯುತ್ತಿತ್ತು. ಆದರೂ ಹೊಲಿಗೆ ನಿಂತಿರಲಿಲ್ಲ. ನಮ್ಮ ಮಗಳ ಮಗುವಿಗಾಗಿ ಆ ಮುದುಕಿ ಹಾಗೆ ಬೇಯುವುದನ್ನು ನೋಡಿ, ಎಂಟು ದಿನದಿಂದ ನಾನು ಕಾಯ್ದುಕೊಂಡು ಬಂದ ಮೌನ ಎಷ್ಟು ಸಣ್ಣದು ಎನ್ನಿಸಿತು. "ಅತ್ತಿ, ಒಳಗ ಬರ್ರಿ" ಎಂದೆ. ಅವರು ಸುತ್ತ ನೋಡಿದರು, ಹೇಳಿದ್ದು ಯಾರಿಗೆ ಎನ್ನುವ ಹಾಗೆ. "ನಿಮಗೇ ಹೇಳಾಕತ್ತೀನಿ. ಮೂರನೇ ಗೋಡಿ ಲೆಕ್ಕ ತಪ್ಪ್ಯದ. ನೀವು ಎದ್ರ ಅಳದು ನೋಡ್ತೀನಿ."

"ಅದೇನು ಅಳೀತಿ?" ಎಂದರು ಅತ್ತೆ. "ಏಳು ಮೊಳ, ಮ್ಯಾಲ ಒಂದು ಗೇಣು, ನಾಕು ಬೆರಳು. ಬಂದ ದಿನಾನೇ ಗೋಡಿಗುಂಟ ಹೀರಿ ಬಳ್ಳಿ ಹಬ್ಬಸಬೇಕಂತ ಮೊಳ ಹಾಕೀನಿ."

ಮನಸ್ಸಿನಲ್ಲೇ ಗುಣಿಸಿದೆ. ಹನ್ನೊಂದೂವರೆ ಅಡಿ. ಇನ್ನೊಂದು ಉತ್ತರ ಅದೇ. "ಅಲ್ರೀ, ನಾ ಇಲ್ಲೇ ಕೂತು ಲೆಕ್ಕ ಮಾಡುವಾಗ ಒಂದು ಮಾತು ಹೇಳಬಾರದಿತ್ತೇನು?"

"ನೀ ಕೇಳಿದ್ದಿದ್ರ ಹೇಳ್ತಿದ್ನಿ" ಎಂದರು. ಅಷ್ಟೇ.

ಆಮೇಲೆ ಅವರು ಎದ್ದು ಸೆರಗು ಸಿಗಿಸಿಕೊಂಡರು. ತಾಡಪತ್ರಿಯ ಅಂಚಿನ ಮೇಲೆ ಮೊಳ ಹಾಕಿ ಇದ್ದಿಲಿನಿಂದ ಗುರುತು ಮಾಡಿದರು. ಆ ಗುರುತಿನಿಂದ ಬಚ್ಚಲ ಕಡೆಯ ಮೂಲೆಯವರೆಗೆ ಮಡಚಿದರು. ಕತ್ತರಿ ಎತ್ತಿಕೊಂಡ ನನ್ನ ಕೈಗೆ ಒಂದು ಏಟು ಕೊಟ್ಟು, "ಕೊಯ್ಯಬ್ಯಾಡ ಬೇ, ಮಡಚಿ ಹೊಲಿಯೋಣು, ಡಬಲ್ ಆದ್ರ ಗಾಳಿಗೆ ತಡೀತದ" ಎಂದರು. ಮಡಚಿದ ಭಾಗದ ಎರಡು ಉದ್ದನೆಯ ಅಂಚುಗಳ ಮೇಲೆ ಬೆರಳಾಡಿಸಿ, "ಈ ಎರಡೂ ಒಂದೇ ಅಳತಿ ಅದಾವ ನೋಡು" ಎಂದರು. ಎರಡೂ ಹನ್ನೆರಡು ಅಡಿ, ಸಮದ್ವಿಬಾಹು ತ್ರಿಕೋನ. ಅದನ್ನು ಸಾಧಿಸಿ ತೋರಿಸಲು ನನಗೆ ಬೋರ್ಡಿನ ಅರ್ಧ ಬೇಕು. ಗೋಣಿ ಹೊಲಿಯುವ ದಬ್ಬಣ ಹಿಡಿದು ಇಬ್ಬರೂ ಎದುರುಬದುರು ಕೂತು ಹೊಲಿದೆವು. ಗಂಡ ಚಹಾ ಮುಗಿಸಿ ಬಂದು ನಮ್ಮನ್ನು ನೋಡಿ, ಯಾವುದನ್ನು ಹೊಡೆದು ಹಾಕಬೇಕು ಎಂದು ತಿಳಿಯದೆ ಬಾಗಿಲಲ್ಲೇ ನಿಂತರು. ಏಣಿ ಹಿಡಿಯಲು ಹೇಳಿದೆ. ಸಂಜೆಗೆ ತಾಡಪತ್ರಿ ಬಿಗಿಯಾಗಿ ನಿಂತಿತು. ಅತ್ತೆ ದೇವದುರ್ಗದ ಹೆಸರು ಎತ್ತಲಿಲ್ಲ.

ಈಗ ರಜೆ. ಮಧ್ಯಾಹ್ನ ನಾನೂ ಆ ನೆರಳಿನಲ್ಲಿ ಕೂಡುತ್ತೇನೆ. ಕೌದಿಯ ಅಂಚಿಗೆ ಸಾಲಾಗಿ ತ್ರಿಕೋನದ ತುಂಡುಗಳು ಬೇಕು. ನಾಲ್ಕು ನೀನೂ ಮಾಡು ಎಂದು ಅತ್ತೆ ಮೊನ್ನೆ ನನ್ನ ಕೈಗೆ ಬಟ್ಟೆ ಕೊಟ್ಟರು. ತ್ರಿಕೋನ ನನಗೆ ಹೇಳಿಕೊಡುವುದೇ ಎಂದುಕೊಂಡು, ಇದ್ದಬದ್ದ ಶ್ರದ್ಧೆಯನ್ನೆಲ್ಲ ಹಾಕಿ ಒಂದನ್ನು ಕತ್ತರಿಸಿ, ಅಂಚು ಮಡಚಿ, ಹೊಲಿದು ಕೊಟ್ಟೆ. ಅವರು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿದರು. "ಬಿಚ್ಚು" ಎಂದರು.

"ಎಲ್ಲಿ ತಪ್ಪಾಗ್ಯದ ಹೇಳ್ರಿ, ಅಲ್ಲಷ್ಟೇ ಬಿಚ್ಚತೀನಿ."

"ಎಲ್ಲಿ ಅಂತ ನಾ ಹೇಳಿದ್ರ ನೀ ಏನು ಕಲಿತಂಗಾತು? ಎಲ್ಲಾ ಬಿಚ್ಚು. ಮೊದಲಿಂದ ಮಾಡು."

ತಪ್ಪು ಎಲ್ಲಿದೆ ಎಂದು ತೋರಿಸುವಷ್ಟೂ ತಾಳ್ಮೆಯಿಲ್ಲದ ಇಂಥ ಟೀಚರುಗಳಿಂದಲೇ ಮಕ್ಕಳು ಗಣಿತ ಬಿಟ್ಟು ಓಡುವುದು ಎಂದು ಮನಸ್ಸಿನಲ್ಲಿ ಬೈದುಕೊಳ್ಳುತ್ತಾ ದಾರ ಬಿಚ್ಚತೊಡಗಿದೆ. ಅರ್ಧ ಬಿಚ್ಚಿದ ಮೇಲೆ ಬೈಗುಳ ಯಾರಿಗೆ ತಗುಲಿತು ಎಂದು ಹೊಳೆಯಿತು. ಅಲ್ಲಿಂದ ಮುಂದೆ ಸುಮ್ಮನೆ ಬಿಚ್ಚಿದೆ.